ಫುಶಿಮಿಯ ಆರು ಬಟ್ಟಲುಗಳು

ವಾಚಕ ಮಹಾಶಯರು ಮೊದಲಿಗೇ ನಮ್ಮನ್ನು ಕ್ಷಮಿಸಬೇಕು. ಮೂವತ್ತಾರು ವರ್ಷಕಾಲ ಮಕ್ಕಳಿಗೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿ, ಅರುವತ್ತು ದಾಟಿ ಈಗ ವಿಶ್ರಾಂತಿ ಪಡೆದಿರುವ ನಾವು, ಗೃಹಸ್ಥರೂ ಗೃಹಿಣಿಯರೂ ಓದತಕ್ಕ ಈ ಪುಟಗಳಲ್ಲಿ ಮದ್ಯದ ವಿಷಯವನ್ನೆತ್ತುವುದು ಉಚಿತವೇ ಎಂದು ಬಹಳ ದಿವಸ ಯೋಚಿಸಿದೆವು. ಕಂಡುದನ್ನು ಕಂಡ ಹಾಗೆ ಹೇಳುವುದರಲ್ಲಿ ದೋಷವಿಲ್ಲವೆಂದು ಕಡೆಗೆ ನಿಶ್ಚಯಿಸಿ ಲೇಖನಿಯನ್ನು ಹಿಡಿದಿದ್ದೇವೆ. ಕಂಡುದನ್ನಷ್ಟೇ ಅಲ್ಲ, ನಾಲಗೆಯ ಮೇಲೆ ಇಟ್ಟುಕೊಂಡುದನ್ನೂ ಹೇಳಬೇಕಾಗಿದೆ, ಕಷ್ಟವಿರುವುದು ಅಲ್ಲಿಯೇ.

ನಮ್ಮ ಮಗನು ಜಪಾನು ದೇಶದ ಕ್ಯೋಟೋ ನಗರದಲ್ಲಿ ಉದ್ಯೋಗದಲ್ಲಿರುವನು. ಆ ನಗರದ ದಕ್ಷಿಣ ಭಾಗವಾದ ಫುಶಿಮಿಯ ಕನ್ಯೆಯನ್ನೇ ಅವನು ವಿವಾಹವಾಗಿದ್ದಾನೆ. ಬೀಗರು ಎಪ್ಪತ್ತು ವಯಸ್ಸಿನ ಸಾಧು ಪುರುಷರು. ಅಲ್ಲಿಯ ಒಂದು ಮದ್ಯಶಾಲೆಯಲ್ಲಿ ನಲವತ್ತು ಚಳಿಗಾಲಗಳನ್ನು ಕೆಲಸದಲ್ಲಿ ಕಳೆದವರು. ೨೦೨೫ನೆಯ ಇಸವಿಯ ಮಾಘಮಾಸದಲ್ಲಿ ನಾವು ಮಗನ ಮನೆಗೆ ಹೋದೆವು. ನಮ್ಮ ಮನೆಯವರಿಗೆ ಮೊಣಕಾಲಿನ ನೋವಿದ್ದುದರಿಂದ ಅವರು ಅತ್ತಿಗೆಯವರೊಡನೆ ಊರಲ್ಲಿಯೇ ಉಳಿದರು. ಹೋದ ಮೂರನೆಯ ದಿನ ಮಗನು, "ಅಪ್ಪ, ನಾಳೆ ಮಾವನವರು ನಿಮಗೆ ಸಾಕೆ ಮಾಡುವ ಸ್ಥಳವನ್ನು ತೋರಿಸಬೇಕೆಂದಿದ್ದಾರೆ" ಎಂದನು. ಅಕ್ಕಿಯಿಂದ ಮಾಡುವ ಮದ್ಯಕ್ಕೆ ಆ ಜನರು ಇಟ್ಟಿರುವ ಹೆಸರು ಸಾಕೆ. ಕನ್ನಡದ ಕಿವಿಗೆ ಅದು ಪ್ರಶ್ನೆಯಾಗಿ ಕೇಳಿಸುವುದು. ಬಡಿಸುವವರು ಸೌಟನ್ನು ಹಿಡಿದು "ಸಾಕೆ?" ಎಂದು ಕೇಳಿದಂತಾಗಿ ನಾವು ನಕ್ಕೆವು. ಆ ನಗುವು ಬಹಳ ಹೊತ್ತು ನಿಲ್ಲಲಿಲ್ಲ. ಅದಕ್ಕೆ ಕಾರಣವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ನಮಗೆ ಒಬ್ಬ ಅಣ್ಣನಿದ್ದನು. ನಮಗಿಂತ ಎಂಟು ವರ್ಷ ಹಿರಿಯನು. ನಮಗೆ ಅಕ್ಷರ ತಿದ್ದಿಸಿದವನು ಅವನೇ. ಸಾರಾಯಿ ಅಂಗಡಿಯ ದಾರಿಯನ್ನು ಹಿಡಿದ ಮೇಲೆ ಅವನು ಹಿಂದಿರುಗಲಿಲ್ಲ. ಅತ್ತಿಗೆಯವರ ಬಳೆ ಸರಗಳೂ ಕೆರೆಯ ಕೆಳಗಿನ ಗದ್ದೆಯೂ ಒಂದೊಂದಾಗಿ ಹೋದುವು. ೧೯೮೯ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವನೂ ಹೋದನು. ಹದಿಮೂರನೆಯ ದಿನ ನಮ್ಮ ತಾಯಿಯವರು ನಮ್ಮನ್ನು ತುಳಸೀಕಟ್ಟೆಯ ಮುಂದೆ ನಿಲ್ಲಿಸಿ, ಜನ್ಮದಲ್ಲಿ ಮದ್ಯವನ್ನು ಮುಟ್ಟುವುದಿಲ್ಲವೆಂದು ನಮ್ಮಿಂದ ಆಣೆ ಮಾಡಿಸಿದರು. ಅತ್ತಿಗೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಆಣೆಯನ್ನು ಪಾಲಿಸುವುದು ನಮಗೆ ಎಂದೂ ಕಷ್ಟವಾಗಿರಲಿಲ್ಲ. ಕಷ್ಟವಾಗದಿದ್ದುದನ್ನೇ ನಾವು ನಮ್ಮ ದೊಡ್ಡ ಗುಣವೆಂದು ಎಣಿಸಿಕೊಂಡಿದ್ದೆವು.

ಈ ಸಂಗತಿಯು ಮಗನಿಗೆ ಗೊತ್ತಿರಲಿಲ್ಲ. ದೊಡ್ಡಪ್ಪನು ಕಾಮಾಲೆಯಿಂದ ತೀರಿಕೊಂಡನೆಂದು ಮಾತ್ರ ಅವನಿಗೆ ಹೇಳಿದ್ದೆವು. ಬೀಗರ ಆಹ್ವಾನವನ್ನು ತಿರಸ್ಕರಿಸಿದರೆ ಸೊಸೆಯ ಮನಸ್ಸು ನೋಯುವುದು. ನೋಡುವುದರಿಂದ ಆಣೆಗೆ ಭಂಗವಿಲ್ಲವಲ್ಲವೆ? ಹೀಗೆಂದು ಸಮಾಧಾನ ಹೇಳಿಕೊಂಡು ಹೊರಟೆವು.

ಕ್ಯೋಟೋದಿಂದ ಕೇಹಾನ್ ರೈಲಿನಲ್ಲಿ ಕುಳಿತು ಚೂಶೋಜಿಮಾ ನಿಲ್ದಾಣದಲ್ಲಿ ಇಳಿದರೆ ಫುಶಿಮಿಯ ಮದ್ಯಶಾಲೆಗಳಿಗೆ ಕೆಲವೇ ನಿಮಿಷಗಳ ನಡಿಗೆ. ಇಕ್ಕಟ್ಟಾದ ಒಂದು ಕಾಲುವೆ. ಅದರ ದಡದಲ್ಲಿ ಎಲೆಯುದುರಿದ ನೀರಹಬ್ಬೆಯಂತಹ ಮರಗಳ ಸಾಲು. ಅದರಾಚೆ ಮೇಲೆ ಬಿಳಿಯ ಗಾರೆ, ಕೆಳಗೆ ಹೊಗೆ ಹಿಡಿದ ಬಣ್ಣದ ಹಲಗೆ, ಹೀಗಿರುವ ಉದ್ದವಾದ ಕಣಜದಂತಹ ಕಟ್ಟಡಗಳು. ೧೬೩೭ರಲ್ಲಿ ಸ್ಥಾಪಿತವಾದ ಗೆಕ್ಕೆಯಿಕಾನ್ ಎಂಬ ಸುಪ್ರಸಿದ್ಧ ಸಂಸ್ಥೆಯು ಇರುವುದು ಇಲ್ಲಿಯೇ. ಊರಿನ ಹೆಸರನ್ನು ಹಿಂದೆ 'ಅಡಗಿದ ನೀರು' ಎಂಬರ್ಥ ಕೊಡುವ ಅಕ್ಷರಗಳಿಂದಲೂ ಬರೆಯುತ್ತಿದ್ದರಂತೆ. ಇಲ್ಲಿಯ ಗೋಕೋನೋಮಿಯಾ ಎಂಬ ದೇವಸ್ಥಾನದ ಅಂಗಳದಲ್ಲಿ ೮೬೨ರಲ್ಲಿ ಸುಗಂಧಯುಕ್ತವಾದ ನೀರು ಉಕ್ಕಿತೆಂದು ಸ್ಥಳಪುರಾಣವು ಹೇಳುವುದು. ಆ ಊಟೆಯನ್ನು ೧೯೮೫ರಲ್ಲಿ ಜಪಾನಿನ ನೂರು ಉತ್ತಮ ಜಲಗಳಲ್ಲಿ ಒಂದೆಂದು ಸರ್ಕಾರವು ಆರಿಸಿತು. ಊರಿನವರು ಸೀಸೆಗಳನ್ನು ತಂದು ಆ ನೀರನ್ನು ತುಂಬಿಕೊಂಡು ಹೋಗುತ್ತಿದ್ದರು. ನಾವೂ ಬೊಗಸೆಯಲ್ಲಿ ಹಿಡಿದು ಕುಡಿದೆವು. ಮಳೆಗಾಲದ ನಮ್ಮ ಊರಿನ ಬಾವಿಯ ನೀರಿನಂತೆ ಮೃದುವಾಗಿತ್ತು.

ಕಾಲುವೆಯ ಈಚೆ ದಡದಲ್ಲಿ ಕೆಂಪು ಬಾಗಿಲಿನ ಒಂದು ಚಿಕ್ಕ ದೇವಾಲಯವು ಕಂಡಿತು. ೧೬೯೯ರಲ್ಲಿ ಕಟ್ಟಿದ ಚೋಕೆಂಜಿ ಅದು. ಅಧಿದೇವತೆ ಅಷ್ಟಭುಜೆಯಾದ ಬೆಂಜೈಟೆನ್. ಬೌದ್ಧರೊಡನೆ ಚೀನಾದ ಮಾರ್ಗವಾಗಿ ಜಪಾನಿಗೆ ಹೋಗಿ ನೆಲಸಿದ ನಮ್ಮ ಸರಸ್ವತಿಯೇ ಈ ಬೆಂಜೈಟೆನ್. ಜನ್ಮವೆಲ್ಲ ಯಾರ ಹೆಸರಿನಲ್ಲಿ ಅನ್ನವನ್ನುಂಡೆವೋ ಆ ತಾಯಿಯು ಮದ್ಯಶಾಲೆಗಳ ನಡುವೆ ಕುಳಿತಿರುವುದನ್ನು ನೋಡಿ ನಮಗೆ ಮೊದಲು ಸಂಕೋಚವೂ ಆಮೇಲೆ ಧೈರ್ಯವೂ ಉಂಟಾದುವು. ಕೈಮುಗಿದು ಮುಂದಕ್ಕೆ ಹೋದೆವು.

ಬೀಗರು ತಮ್ಮ ಹಳೆಯ ಶಾಲೆಯ ಬಾಗಿಲಲ್ಲಿ ನಮಗಾಗಿ ಕಾದಿದ್ದರು. ನಾವು ಉಪಾಧ್ಯಾಯರಾಗಿದ್ದುದರಿಂದ ಅವರು ನಮ್ಮನ್ನು 'ಸೆನ್ಸೇ' ಎಂದೇ ಕರೆಯುವರು. ಗುರುಗಳನ್ನು ಅಲ್ಲಿ ಹಾಗೆ ಸಂಬೋಧಿಸುವುದು ವಾಡಿಕೆ. ಸೂರಿನಿಂದ ದೊಡ್ಡ ಚೆಂಡಿನಂತಹ ಹಸುರು ಗೊಂಚಲು ತೂಗುತ್ತಿತ್ತು. ಸುಗಿ ಮರದ ಎಲೆಗಳನ್ನು ಗುಂಡಾಗಿ ಕತ್ತರಿಸಿ ಕಟ್ಟಿದ್ದದು. ಹೊಸ ಸಾಕೆಯನ್ನು ಹಿಂಡಿದಾಗ ಇದನ್ನು ಹಸಿಯಾಗಿ ಕಟ್ಟುವರು. ತಿಂಗಳುಗಳು ಕಳೆದಂತೆ ಅದು ಒಣಗಿ ಕಂದುಬಣ್ಣಕ್ಕೆ ತಿರುಗುವುದು. ಒಳಗಿನ ಸಾಕೆಯು ಎಷ್ಟು ಹಳೆಯದಾಯಿತೆಂಬುದನ್ನು ದಾರಿಹೋಕರು ಅದರಿಂದಲೇ ಊಹಿಸಬಹುದು.

ದ್ರಾಕ್ಷಿಯಲ್ಲಿ ಸಕ್ಕರೆಯು ತಾನಾಗಿಯೇ ಇರುವುದು. ಅಕ್ಕಿಯಲ್ಲಿರುವುದು ಹಿಟ್ಟು ಮಾತ್ರ. ಹಿಟ್ಟನ್ನು ಸಿಹಿ ಮಾಡಿದ ಹೊರತು ಹುಳಿಸಿ ಮದ್ಯ ಮಾಡುವುದು ಸಾಧ್ಯವಿಲ್ಲ. ಈ ಕಾರ್ಯಕ್ಕೆ ಅವರು ಕೋಜಿ ಎಂಬ ಒಂದು ಬಗೆಯ ಬೂಷ್ಟನ್ನು ಉಪಯೋಗಿಸುವರು. ಬೆಂದ ಅಕ್ಕಿಯನ್ನು ಬೆಚ್ಚಗಿನ ಕೋಣೆಯಲ್ಲಿ ಹರಡಿ, ಆ ಬೂಷ್ಟಿನ ಧೂಳನ್ನು ಎರಚಿ, ಎರಡು ದಿವಸ ಹಗಲಿರುಳೂ ಕೈಯಾಡಿಸುತ್ತಿದ್ದರೆ ಕಾಳಿನ ಮೇಲೆ ಬಿಳಿಯ ನವಿರು ಹುಟ್ಟುವುದು. ಜಪಾನಿನ ಮದ್ಯವಿಜ್ಞಾನಿಗಳ ಸಂಘವು ೨೦೦೬ರಲ್ಲಿ ಇದನ್ನು 'ರಾಷ್ಟ್ರೀಯ ಬೂಷ್ಟು' ಎಂದು ಸಾರಿತು. ಇದರಿಂದ ಸಾಕೆ ಮಾಡುವ ವಿದ್ಯೆಯು ೨೦೨೪ರ ಡಿಸೆಂಬರಿನಲ್ಲಿ ಯುನೆಸ್ಕೋದ ಪರಂಪರೆಗಳ ಪಟ್ಟಿಗೂ ಸೇರಿತು. ಆ ಕೋಣೆಯನ್ನು ಗಾಜಿನಾಚೆಯಿಂದ ಮಾತ್ರ ನೋಡಬಹುದು. ಮದ್ಯ ಮಾಡುವ ಕಾಲದಲ್ಲಿ ಕೆಲಸದವರು 'ನಾಟೋ' ಎಂಬ ಹುಳಿಸಿದ ಸೋಯಾ ಕಾಳನ್ನು ತಿನ್ನಕೂಡದು. ಅದರ ಕ್ರಿಮಿಯು ಕೋಜಿಯನ್ನು ಕೆಡಿಸುವುದು. ಬೀಗರು ನಲವತ್ತು ಚಳಿಗಾಲವೂ ಈ ನಿಯಮವನ್ನು ಪಾಲಿಸಿದರಂತೆ. ಮಡಿಯೆಂಬುದು ನಮ್ಮಲ್ಲಿ ಮಾತ್ರ ಉಂಟೆಂದು ತಿಳಿದಿದ್ದ ನಮಗೆ ಇದೊಂದು ಪಾಠವಾಯಿತು.

ಆಮೇಲೆ ಕೋಜಿ, ಬೆಂದ ಅಕ್ಕಿ, ನೀರು ಈ ಮೂರನ್ನೂ ಹುದುಗಿನೊಡನೆ ತೊಟ್ಟಿಗೆ ಹಾಕುವರು; ಒಂದೇ ಸಲಕ್ಕೆ ಅಲ್ಲ, ನಾಲ್ಕು ದಿವಸಗಳಲ್ಲಿ ಮೂರು ಸಲ. ಎರಡನೆಯ ದಿನ ಏನನ್ನೂ ಹಾಕದೆ ಬಿಡುವರು. ಆ ವಿರಾಮಕ್ಕೆ 'ಒಡೋರಿ', ಎಂದರೆ ನೃತ್ಯ, ಎಂದು ಹೆಸರು. ತೊಟ್ಟಿಯಲ್ಲಿ ಕೋಜಿಯು ಹಿಟ್ಟನ್ನು ಸಿಹಿ ಮಾಡುತ್ತಿರುವಾಗಲೇ ಹುದುಗು ಆ ಸಿಹಿಯನ್ನು ಮದ್ಯವಾಗಿ ಮಾರ್ಪಡಿಸುತ್ತಿರುವುದು. ಎರಡು ಕೆಲಸಗಳೂ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ನಡೆಯುವುದರಿಂದಲೇ ಸಾಕೆಯು ನೂರಕ್ಕೆ ಇಪ್ಪತ್ತರಷ್ಟು ಬಲವನ್ನು ಪಡೆಯಬಲ್ಲುದು. ಮಾರುವಾಗ ನೀರು ಬೆರಸಿ ಸಾಮಾನ್ಯವಾಗಿ ಹದಿನೈದು ಹದಿನಾರಕ್ಕೆ ಇಳಿಸುವರು. ಇದನ್ನು ಕೇಳುತ್ತಿದ್ದಂತೆ ನಮಗೆ ಕೌಟಿಲ್ಯನ ಅರ್ಥಶಾಸ್ತ್ರವು ನೆನಪಾಯಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಆ ಗ್ರಂಥದ ಸುರಾಧ್ಯಕ್ಷ ಪ್ರಕರಣದಲ್ಲಿ, ಅಕ್ಕಿಗೆ ಕಿಣ್ವವನ್ನು ಸೇರಿಸಿ ಮಾಡುವ ಮೇದಕವೆಂಬ ಮದ್ಯದ ಅಳತೆಯು ಹೇಳಿದೆ. ಕಿಣ್ವವೆಂದರೆ ಹುದುಗು ಎಂದು ಎಷ್ಟೋ ವರ್ಷ ಪಾಠ ಹೇಳಿದ್ದೆವು. ಕಿಣ್ವದ ಕೆಲಸವನ್ನು ಕಣ್ಣಿನಿಂದ ನೋಡಿದುದು ಅಂದೇ.

ಕಡೆಯಲ್ಲಿ ಒಂದು ಮೇಜಿನ ಮೇಲೆ ಆರು ಬಿಳಿಯ ಪಿಂಗಾಣಿ ಬಟ್ಟಲುಗಳನ್ನು ಬೀಗರು ಸಾಲಾಗಿಟ್ಟರು. ಪ್ರತಿಯೊಂದರ ತಳದಲ್ಲಿಯೂ ಎರಡು ನೀಲಿ ಬಳೆಗಳು. ಬಿಳುಪಿನ ಮೇಲೆ ಸಾಕೆಯ ಬಣ್ಣವನ್ನೂ, ನೀಲಿಯ ಅಂಚಿನ ಮೇಲೆ ಅದರ ತಿಳಿಯನ್ನೂ ಪರೀಕ್ಷಿಸುವರು. ನಾವು ತಲೆಯಾಡಿಸಿ ಬೇಡವೆನ್ನುವಷ್ಟರಲ್ಲಿ ಬೀಗರು ಒಂದು ಉಗುಳುಪಾತ್ರೆಯನ್ನು ತಂದಿಟ್ಟು ಹೇಳಿದರು: "ಸೆನ್ಸೇ, ಪರೀಕ್ಷಿಸುವವರು ನುಂಗುವುದಿಲ್ಲ. ಬಾಯಲ್ಲಿ ಆಡಿಸಿ ಉಗುಳುತ್ತಾರೆ. ನಾನು ಕೆಲಸ ಮಾಡಿದ್ದೂ ಹೀಗೆಯೇ."

ಧರ್ಮಶಾಸ್ತ್ರವನ್ನು ಬಲ್ಲವರಿಗೆ ತಿಳಿದಿದೆ, ಮನುವು ಮದ್ಯವನ್ನು ಮೂಸುವುದನ್ನೂ ದೋಷವೆಂದೇ ಎಣಿಸಿದ್ದಾನೆ. ಆದರೆ ಪಂಡಿತನ ಬುದ್ಧಿಯು ತನಗೆ ಬೇಕಾದಾಗ ದಾರಿಯನ್ನು ಹುಡುಕಿಕೊಳ್ಳುವುದು. ಉಗುಳಿದುದು ಪಾನವಲ್ಲ, ಪಾನವಲ್ಲದುದು ಆಣೆಗೆ ವಿರುದ್ಧವಲ್ಲ. ಹೀಗೆ ತರ್ಕ ಮಾಡಿ ಮೊದಲನೆಯ ಬಟ್ಟಲನ್ನೆತ್ತಿಕೊಂಡೆವು.

ಮೊದಲನೆಯದು ಹೊಂಜೋಜೋ, ಸ್ವಲ್ಪ ಮದ್ಯಸಾರವನ್ನು ಹೊರಗಿನಿಂದ ಸೇರಿಸಿದುದು. ಅನ್ನ ಬಸಿದಾಗ ಬರುವ ಹಬೆಯ ವಾಸನೆ. ನಾಲಗೆಯ ಮೇಲೆ ಹಗುರವಾಗಿ ಹರಿದು ಕೊನೆಯಲ್ಲಿ ಚುರುಕ್ಕೆಂದು ಒಣಗಿತು. ಉಗುಳಿದೆವು. ಎರಡನೆಯದೂ ಮೂರನೆಯದೂ ಜುನ್ಮಾಯ್. ಅಕ್ಕಿ, ಕೋಜಿ, ನೀರು ಇವುಗಳ ಹೊರತು ಬೇರೇನೂ ಸೇರದ ಶುದ್ಧ ಸಾಕೆ. ಒಂದು ಕೋಬೆಯ ಕಡೆಯ ನಾಡಾ ಪ್ರಾಂತದ್ದು, ಇನ್ನೊಂದು ಫುಶಿಮಿಯದು. ನಾಡಾದವರು ೧೮೪೦ರಲ್ಲಿ ಯಾಮಾಮುರಾ ತಾಜಾಯೆಮೋನ್ ಎಂಬಾತನು ಗುರುತಿಸಿದ 'ಮಿಯಾಮಿಜು' ಎಂಬ ಗಡಸು ನೀರನ್ನು ಬಳಸುವರು. ಆ ನೀರಿನಲ್ಲಿ ಹುದುಗು ಚುರುಕಾಗಿ ಕೆಲಸ ಮಾಡುವುದರಿಂದ ಸಾಕೆಯು ಖಡಾಖಂಡಿತವಾಗಿರುವುದು. ಫುಶಿಮಿಯ ಮೃದುವಾದ ನೀರಿನಲ್ಲಿ ನಿಧಾನವಾಗಿ ಮಾಗುವುದರಿಂದ ನಯವಾಗಿರುವುದು. ಮೊದಲಿನದನ್ನು ಗಂಡು ಸಾಕೆ, ಎರಡನೆಯದನ್ನು ಹೆಣ್ಣು ಸಾಕೆ ಎನ್ನುವ ರೂಢಿಯುಂಟು. ಸೊಸೆಯು ಈ ಮಾತಿಗೆ ಮುಖ ಸಿಂಡರಿಸಿ, "ಮಾವ, ಇದು ಗಂಡಸರು ಇಟ್ಟ ಹೆಸರು" ಎಂದು ತಾನು ಕಲಿತ ಕನ್ನಡದಲ್ಲಿಯೇ ಹೇಳಿದಳು. ನಮಗಂತೂ ಒಂದರಲ್ಲಿ ಹುಳಿಗಂಜಿಯ ಖಾರವೂ, ಇನ್ನೊಂದರಲ್ಲಿ ಹಾಲುಗಂಜಿಯ ಹಿತವೂ ಕಂಡಿತು. ಎರಡನ್ನೂ ಉಗುಳಿದೆವು. ಆಣೆಯು ಭದ್ರವಾಗಿತ್ತು.

ನಾಲ್ಕನೆಯದು ದೈಗಿಂಜೋ. ಅಕ್ಕಿಯ ಹೊರಪದರದಲ್ಲಿರುವ ಕೊಬ್ಬು ಮುಂತಾದುವು ರುಚಿಯನ್ನು ಒರಟು ಮಾಡುವುದರಿಂದ ಕಾಳನ್ನು ಉಜ್ಜಿ ಉಜ್ಜಿ ಸಣ್ಣದು ಮಾಡುವರು. ನೂರಕ್ಕೆ ಅರುವತ್ತು ಪಾಲು ಅಥವಾ ಅದಕ್ಕಿಂತ ಕಡಮೆ ಉಳಿದರೆ ಗಿಂಜೋ. ಐವತ್ತು ಅಥವಾ ಅದಕ್ಕಿಂತ ಕಡಮೆ ಉಳಿದರೆ ದೈಗಿಂಜೋ. ಅರ್ಧ ಅಕ್ಕಿಯನ್ನು ಹೀಗೆ ಕಳೆಯುವುದನ್ನು ಕೇಳಿ ನಮ್ಮ ರೈತಮನಸ್ಸು ಮರುಗಿತು. ಆ ತೌಡನ್ನು ಮೇವಿಗೂ ತಿಂಡಿಗೂ ಬಳಸುವರೆಂದು ಬೀಗರು ಸಮಾಧಾನ ಹೇಳಿದರು. ಬಟ್ಟಲನ್ನು ಮೂಗಿನ ಬಳಿಗೆ ತಂದೆವು. ಮಾಗಿದ ಬಾಳೆಹಣ್ಣು, ಕರಬೂಜ, ಈಗತಾನೆ ಕತ್ತರಿಸಿದ ಸೇಬು! ಅದರಲ್ಲಿ ಹಣ್ಣೆಂಬುದು ಲೇಶವೂ ಇಲ್ಲ. ತಣ್ಣಗಿನ ತೊಟ್ಟಿಯಲ್ಲಿ ಹುದುಗು ಮಾಡುವ ಇಂದ್ರಜಾಲವದು. ಒಂದು ಗುಟುಕನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆವು. ನೀರಿಗಿಂತ ನುಣುಪಾಗಿತ್ತು. ಕಣ್ಣು ತೆರೆದು ಉಗುಳುಪಾತ್ರೆಯನ್ನೆತ್ತಿದರೆ ಉಗುಳುವುದಕ್ಕೆ ಏನೂ ಉಳಿದಿರಲಿಲ್ಲ.

ಯಾರೂ ನೋಡಲಿಲ್ಲ. ಬಲವಂತ ಮಾಡಿದವರು ಯಾರೂ ಇಲ್ಲ. ಮೂವತ್ತಾರು ವರ್ಷದ ಆಣೆಯನ್ನು ನಾಲಗೆಯು ನಮ್ಮನ್ನು ಕೇಳದೆಯೇ ಮುಗಿಸಿಬಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಹೇಳಬೇಕಾದುದು ಇನ್ನೊಂದುಂಟು: ನಮಗೆ ಮತ್ತೊಂದು ಗುಟುಕು ಬೇಕಾಗಿತ್ತು.

ಪ್ರತಿ ವರ್ಷವೂ ನಾವು ಮಕ್ಕಳಿಂದ ಮದ್ಯಪಾನದ ಕೆಡುಕುಗಳನ್ನು ಕುರಿತು ಪ್ರಬಂಧವನ್ನು ಬರೆಯಿಸುತ್ತಿದ್ದೆವು. ಮದ್ಯವು ದುರ್ಗಂಧಮಯ, ಕಹಿ, ವಿಷಸಮಾನ ಎಂದು ಉಕ್ತಲೇಖನ ಕೊಡುತ್ತಿದ್ದೆವು. ಅಂತಹ ಹೊಲಸನ್ನು ಬಯಸಿದ ಅಣ್ಣನು ಎಷ್ಟು ಹೀನನಾಗಿದ್ದಿರಬೇಕೆಂದು ಒಳಗೊಳಗೇ ತೀರ್ಮಾನಿಸಿದ್ದೆವು. ಅವನು ಕುಡಿದುದು ಇಂತಹ ಸುಗಂಧದ್ರವ್ಯವಲ್ಲವೆಂಬುದು ನಿಜ. ಆದರೆ ಇನ್ನೊಂದು ಗುಟುಕು ಬೇಕೆನ್ನಿಸುವುದು ಎಂದರೇನು ಎಂಬುದನ್ನು ನಾವು ಒಮ್ಮೆಯೂ ಅರಿಯದೆ ಅವನ ವಿಚಾರಣೆ ಮಾಡಿ ಶಿಕ್ಷೆಯನ್ನೂ ವಿಧಿಸಿದ್ದೆವಲ್ಲ! ಉಳಿದ ಎರಡು ಬಟ್ಟಲುಗಳನ್ನು ನಾವು ತುಟಿಗೆ ತಾಗಿಸಲಿಲ್ಲ. ನೋಡಿದೆವು, ಮೂಸಿದೆವು, ಅಷ್ಟೇ. ಐದನೆಯದು ನಿಗೋರಿ, ದಪ್ಪ ಬಟ್ಟೆಯಲ್ಲಿ ಸೋಸಿದುದರಿಂದ ಅಕ್ಕಚ್ಚಿನಂತೆ ಬೆಳ್ಳಗಿದ್ದಿತು. ಆರನೆಯದು ಹತ್ತು ವರ್ಷ ಇಟ್ಟ ಕೋಶು. ಜೇನಿನ ಬಣ್ಣ, ಕಾದ ಬೆಲ್ಲದ ಪಾಕದ ಮತ್ತು ಒಣ ಉತ್ತುತ್ತೆಯ ವಾಸನೆ.

ಆ ಸಾಯಂಕಾಲ ಬೀಗರ ಮನೆಯಲ್ಲಿ ಊಟ. ನಾವು ಸಸ್ಯಾಹಾರಿಗಳೆಂದು ಬೀಗಿತ್ತಿಯವರು ಮೀನಿನ ಸೋಂಕಿಲ್ಲದೆ, ಕಡಲ ಎಲೆಯ ಸಾರಿನಲ್ಲಿ ಸೋಯಾ ಗಿಣ್ಣನ್ನು ಕುದಿಸಿದ್ದರು. ಚಳಿಯು ಮೂಳೆಯನ್ನು ಮುಟ್ಟುತ್ತಿತ್ತು. ಬೀಗರು ಸಣ್ಣ ಕೊರಳಿನ ಹೂಜಿಯನ್ನು ಬಿಸಿನೀರಿನಲ್ಲಿಟ್ಟು ಸಾಕೆಯನ್ನು ಬೆಚ್ಚಗೆ ಮಾಡುತ್ತ, ಅದರ ಶಾಖಗಳಿಗೆ ಇರುವ ಹೆಸರುಗಳನ್ನು ಹೇಳಿದರು: ಐದು ಡಿಗ್ರಿಯದು ಹಿಮಶೀತ, ಹತ್ತರದು ಪುಷ್ಪಶೀತ, ಮೂವತ್ತರದು ಎಳಬಿಸಿಲು, ಮೂವತ್ತೈದರದು ಮನುಷ್ಯನ ಮೈ. ಕಾವ್ಯವನ್ನೋದಿದವರಿಗೆ ಇದಕ್ಕಿಂತ ಸೊಗಸಾದ ಪರಿಭಾಷೆಯು ಬೇರೆಲ್ಲಿ ಸಿಕ್ಕೀತು? ಆ ದೇಶದಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವ ಪದ್ಧತಿಯಿಲ್ಲ; ಒಬ್ಬರಿಗೊಬ್ಬರು ಸುರಿಯಬೇಕು. ಬೀಗರು ಎರಡು ಕೈಗಳಿಂದಲೂ ಹೂಜಿಯನ್ನು ಹಿಡಿದು ನಮ್ಮ ಕಡೆಗೆ ಬಾಗಿದರು.

ಆಗ ನಾವು ಎಲ್ಲವನ್ನೂ ಹೇಳಿದೆವು. ಹೇಳುವುದಕ್ಕೆ ಮಗನೇ ದುಭಾಷಿ. ಅಣ್ಣ, ಸಾರಾಯಿ ಅಂಗಡಿ, ಅತ್ತಿಗೆಯವರ ಬಳೆಗಳು, ತುಳಸೀಕಟ್ಟೆ ಒಂದೊಂದನ್ನೂ ಅವನು ಜಪಾನೀ ಭಾಷೆಗೆ ತಿರುಗಿಸುತ್ತ ಹೋದವನು ನಡುವೆ ನಿಂತುಬಿಟ್ಟನು.

"ಅಪ್ಪ, ದೊಡ್ಡಪ್ಪನಿಗೆ ಕಾಮಾಲೆಯೆಂದಲ್ಲವೆ ನೀವು ಹೇಳಿದ್ದು?"

"ಕಾಮಾಲೆಯೂ ಅಹುದು. ಅದು ಬಂದದ್ದು ಕುಡಿತದಿಂದ. ಮುಂದಕ್ಕೆ ಹೇಳು."

ಅವನು ಹೇಳಿದನು. ಆ ಮಧ್ಯಾಹ್ನದ ನಾಲ್ಕನೆಯ ಬಟ್ಟಲಿನ ಸಂಗತಿಯನ್ನೂ ನಾವು ಮುಚ್ಚಲಿಲ್ಲ. ಬೀಗರು ಬಹಳ ಹೊತ್ತು ಮಾತನಾಡದೆ ಹೂಜಿಯನ್ನು ಕೆಳಗಿಟ್ಟರು. ನಾವು ನೀರಿನ ಲೋಟವನ್ನೆತ್ತಿ, ಇದರಿಂದಲೇ ಸಂತೋಷವಾಗಿ ಜೊತೆಗೂಡುತ್ತೇವೆಂದಾಗ ಅವರು ಗಾಬರಿಯಿಂದ ಕೈಯಲ್ಲಾಡಿಸಿದರು. ನೀರಿನ ಬಟ್ಟಲನ್ನು ವಿನಿಮಯ ಮಾಡಿಕೊಳ್ಳುವುದು, ಇನ್ನು ಮುಂದೆ ಭೇಟಿಯಿಲ್ಲವೆಂಬಂತಹ ಅಗಲಿಕೆಯಲ್ಲಿಯಂತೆ. ಅವರು ಹೆಂಡತಿಗೆ ಏನೋ ಹೇಳಿದರು. ಆಕೆಯು ಒಳಗಿನಿಂದ ಬಿಸಿಯಾದ, ಬೆಳ್ಳಗಿನ, ಪಾಯಸದಂತಹ ಒಂದು ಪಾನೀಯವನ್ನು ತಂದಿಟ್ಟರು. ಅದು ಅಮಜಾಕೆ. ಅನ್ನಕ್ಕೆ ಕೋಜಿಯನ್ನು ಸೇರಿಸಿ ರಾತ್ರಿಯೆಲ್ಲ ಬೆಚ್ಚಗಿಟ್ಟರೆ ಸಕ್ಕರೆಯಿಲ್ಲದೆಯೇ ಸಿಹಿಯಾಗುವುದು. ಹುದುಗನ್ನು ಸೇರಿಸದೆ ಅಲ್ಲಿಗೇ ನಿಲ್ಲಿಸಿದರೆ ಅದರಲ್ಲಿ ಮದ್ಯವಿರುವುದಿಲ್ಲ. ಮಕ್ಕಳೂ ಕುಡಿಯುವರು. ಬೀಗರು ತಮಗೂ ಅದನ್ನೇ ಸುರಿಸಿಕೊಂಡರು. ಬೆಚ್ಚಗಾದ ಸಾಕೆಯು ಆ ರಾತ್ರಿ ಹೂಜಿಯಲ್ಲಿಯೇ ಆರಿತು.

ಹಿಂದಿರುಗುವಾಗ ರೈಲಿನಲ್ಲಿ ಮಗನು ನಮ್ಮ ಪಕ್ಕದಲ್ಲಿ ಕುಳಿತು ದೊಡ್ಡಪ್ಪನ ವಿಷಯವಾಗಿ ಒಂದೊಂದೇ ಪ್ರಶ್ನೆಯನ್ನು ಕೇಳಿದನು. ಅವನ ಅಕ್ಷರ ಹೇಗಿತ್ತು, ಹಾಡುತ್ತಿದ್ದನೇ, ಯಾರ ಹಾಗಿದ್ದನು? ಎಷ್ಟೋ ವರ್ಷಗಳಿಂದ ನಾವು ಅಣ್ಣನ ಮರಣವನ್ನು ಮಾತ್ರ ನೆನೆದಿದ್ದೆವು. ಅಂದು ಅವನ ಕೈಬರಹವನ್ನು ನೆನೆದೆವು.

ಊರಿಗೆ ಬಂದ ಮಾರನೆಯ ದಿನ, ಆಣೆಗೆ ಸಾಕ್ಷಿಯಾಗಿ ಉಳಿದಿರುವ ಅತ್ತಿಗೆಯವರ ಮುಂದೆ ಕುಳಿತು ತಪ್ಪನ್ನು ಒಪ್ಪಿಕೊಂಡೆವು. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಬೈಯುವರೆಂದೋ ಅಳುವರೆಂದೋ ಅಂಜಿದ್ದೆವು. ಅವರು ಕೈಯನ್ನು ನಿಲ್ಲಿಸಿ, "ಹೇಗಿತ್ತಪ್ಪ ಅದು?" ಎಂದರು.

"ಹಣ್ಣಿನ ಹಾಗಿತ್ತು, ಅತ್ತಿಗೆ. ಇನ್ನೂ ಬೇಕೆನ್ನಿಸಿತು."

ಅವರು ಸ್ವಲ್ಪ ಹೊತ್ತು ಮೊರದ ಕಡೆಗೆ ನೋಡುತ್ತಿದ್ದರು. "ನಿಮ್ಮಣ್ಣನನ್ನು ನಾನು ಒಂದು ದಿವಸವೂ ಹೀಗೆ ಕೇಳಲಿಲ್ಲ" ಎಂದು ಹೇಳಿ, ಮತ್ತೆ ಕಾಯಿ ಬಿಡಿಸುವುದಕ್ಕೆ ತೊಡಗಿದರು. ನಾವೂ ಒಂದು ಹಿಡಿ ಕಾಯನ್ನು ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತೆವು.